ಅಕ್ಕ ಹಾರಲು ಕೇಳಿದ ಅನುಮತಿ

ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರು, ತಗಡಿನ ಮಾಡಿನ ಕೆಳಗೆ, ಒಂದು ಮೇಜು ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೂವತ್ತು ವರ್ಷದ ಮೇಲಾಯಿತು, ಕೂತೇ ಇದ್ದೇನೆ. ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಪಹಣಿಯಲ್ಲಿ ಹೆಸರು ತಪ್ಪಿದೆ, ಹೊಲ ಹಂಚಿ ಪೋಡಿ ಆಗಿಲ್ಲ, ಪಕ್ಕದ ಹೊಲದವನು ಬದು ಒತ್ತಿದ್ದಾನೆ, ವಿಧವಾ ವೇತನ ನಿಂತಿದೆ. ಇವೇ ನಾಲ್ಕು ಸಂಗತಿ, ಸಾವಿರ ಬಾಯಿ. ಈಗ ಎಲ್ಲವೂ ಆನ್‌ಲೈನ್ ಎನ್ನುತ್ತಾರೆ. ಆನ್‌ಲೈನಿನಲ್ಲಿ ಆಗದೆ ತಲೆ ಕೆಟ್ಟವರು ನನ್ನ ಹತ್ತಿರ ಬರುತ್ತಾರೆ. ಬಂದವರು ಒಬ್ಬರಾದರೂ ಇವತ್ತಿನ ವಿಷಯದಿಂದ ಶುರು ಮಾಡಿದ್ದು ನಾನು ಕಾಣೆ. ಅಜ್ಜನ ಕಾಲದಿಂದಲೇ ಹಿಡಿಯುತ್ತಾರೆ. ಹೂಂ, ಹೂಂ ಎಂದು ಕೇಳಿ, ಕೊನೆಗೆ ಎಂಟು ಸಾಲು ಬರೆಯುತ್ತೇನೆ. ಸಂಜೆ ಮನೆಗೆ ಹೋದರೆ ಹೆಂಡತಿ ಏನಾದರೂ ಹೇಳಲು ಬಾಯಿ ತೆರೆದರೂ ಸಾಕು, ನನಗೆ ಅಲ್ಲೇ ಸುಸ್ತಾಗುತ್ತದೆ.

ಎರಡು ವರ್ಷದ ಹಿಂದೆ, ಭತ್ತದ ಕೊಯ್ಲು ಮುಗಿದ ಮೇಲೆ, ಒಂದು ಬೆಳಿಗ್ಗೆ ನನ್ನ ಅಕ್ಕ ಬಂದು ಆ ಕುರ್ಚಿಯಲ್ಲಿ ಕೂತಳು. ನಾವು ಹುಟ್ಟಿದ್ದು ಕುಪ್ಪಗಡ್ಡೆಯ ಹತ್ತಿರ. ಅವಳನ್ನು ಕೊಟ್ಟಿದ್ದು ಸೊರಬದ ಕಡೆಯ ಹೊಸಬಾಳೆಗೆ. ಎರಡೂ ಕಡೆ ಕುರಿ ಸಾಕುವ ಮನೆತನ, ಜೊತೆಗೆ ಒಂದಿಷ್ಟು ಹೊಲ. ಭಾವ ತೀರಿಕೊಂಡು ಆಗ ಮೂರು ವರ್ಷವಾಗಿತ್ತು, ಕುರಿಗಳನ್ನು ಮಗ ಸೊಸೆ ನೋಡಿಕೊಳ್ಳುತ್ತಿದ್ದರು. ವಿಧವಾ ವೇತನದ ತಕರಾರೇ ಇರಬೇಕು ಎಂದುಕೊಂಡು ಬಿಳಿ ಹಾಳೆ ಎಳೆದುಕೊಂಡೆ.

"ನಂಗೊಂದು ಅರ್ಜಿ ಬರ್ದುಕೊಡೋ ತಮ್ಮ" ಎಂದು ಅವಳು ಸೆರಗಿನಿಂದ ಫೋನು ತೆಗೆದಳು. "ಮೊದ್ಲು ಇದನ್ನ ನೋಡು."

ಅದರಲ್ಲಿ ಯಾವುದೋ ದೇಶದ ಮುದುಕಿ. ಪೂರ್ತಿ ಬೆಳ್ಳಗಾದ ತಲೆ. ಎತ್ತರದ ಸೇತುವೆಯ ಅಂಚಿನಲ್ಲಿ ನಿಂತಿದ್ದಳು, ಎರಡೂ ಕಾಲಿನ ಹರಡಿಗೆ ದಪ್ಪ ಹಗ್ಗ ಬಿಗಿದಿದ್ದರು. ಕೈ ಚಾಚಿದಳು, ತಲೆಕೆಳಗಾಗಿ ಬಿದ್ದೇಬಿಟ್ಟಳು. ಕೆಳಗಿನ ಹೊಳೆ ಮುಟ್ಟುವ ಹೊತ್ತಿಗೆ ಹಗ್ಗ ರಬ್ಬರಿನ ಹಾಗೆ ಜಗ್ಗಿ ಅವಳನ್ನು ಮತ್ತೆ ಮೇಲಕ್ಕೆ ಎಳೆದುಕೊಂಡಿತು. ಮುದುಕಿ ನಗುತ್ತಿದ್ದಳು.

"ಬಂಜಿ ಅಂತಾರಂತೆ ಇದಕ್ಕೆ. ನಾನು ಹಾರ್ಬೇಕು" ಎಂದಳು ಅಕ್ಕ.

"ಏನಕ್ಕ, ತಲೆ ನೆಟ್ಟಗೈತಾ ನಿಂಗೆ? ವಯಸ್ಸೆಷ್ಟು?"

"ಅರವತ್ತೊಂದೋ ಎರಡೋ. ಅವಳು ನನಗಿಂತ ದೊಡ್ಡೋಳು, ನೋಡು ಬೇಕಾರೆ."

"ಎಂತಕ್ಕೆ ಈ ಹುಚ್ಚು?"

ಅಕ್ಕ ಹುಡುಗಿಯಾಗಿದ್ದಾಗ ನಮ್ಮ ಮನೆಯಲ್ಲಿ ಕುರಿಗಳಿಗೆ ಸೊಪ್ಪು ಕಡಿಯುತ್ತಿದ್ದವಳು ಅವಳೇ. ಬಸರಿ ಮರ, ಅತ್ತಿ ಮರ, ಯಾವುದಾದರೂ ಸರಿ, ಲಂಗ ಎತ್ತಿ ಕಟ್ಟಿ ತುದಿಯವರೆಗೆ ಹತ್ತುತ್ತಿದ್ದಳು. ನಾನು ಕೆಳಗೆ ನಿಂತು ಕೊಂಬೆ ಆರಿಸುತ್ತಿದ್ದೆ. ನನಗೆ ಹತ್ತಲು ಭಯ. ಮದುವೆಯಾಗಿ ಹೋದ ವರ್ಷವೇ ಅವಳ ಅತ್ತೆ, ಸೊಸೆಯಾದವಳು ಮರ ಹತ್ತಬಾರದು ಎಂದರಂತೆ. ಹತ್ತಲಿಲ್ಲ.

"ನಲವತ್ತು ವರ್ಷ ಕುರಿ ಹಿಂದೆ ನೆಲ ನೋಡ್ಕೊಂಡು ನಡ್ದೀನಿ ಮಾರಾಯ" ಎಂದಳು. "ಒಂದ್ಸಲ ಮೇಲಿಂದ ನೋಡ್ಬೇಕು. ಮರದ ಮೇಲಿದ್ದಾಗೆಲ್ಲ ಅನ್ಸೋದು, ಇಳಿಯೋ ಬದ್ಲು ಕೈ ಬಿಟ್ರೆ ಹೆಂಗಿರ್ತದೆ ಅಂತ. ಈಗ ಕೇಳೋಕೆ ಅತ್ತೆ ಇಲ್ಲ, ನಿಮ್ಮ ಭಾವ ಇಲ್ಲ. ಸರ್ಕಾರ ಒಂದೇ ಉಳಿದಿರೋದು."

ಎಲ್ಲಿಂದ ಹಾರುತ್ತೀಯ ಎಂದು ತಮಾಷೆಗೆ ಕೇಳಿದೆ. ಅವಳು ಎಲ್ಲ ಯೋಚಿಸಿಯೇ ಬಂದಿದ್ದಳು. ಮೊದಲು ಜೋಗ. ಅಲ್ಲಿ ಅಂಚಿಗೆ ಹೋದರೇ ಪೊಲೀಸರು ಸೀಟಿ ಊದುತ್ತಾರೆ ಅಕ್ಕ ಎಂದೆ. ಹಾಗಾದರೆ ಚಂದ್ರಗುತ್ತಿ ಬೆಟ್ಟ. ದೇವಿಯ ಬೆಟ್ಟದ ಮೇಲೆ ಹೆಂಗಸೊಬ್ಬಳು ಕಾಲಿಗೆ ಹಗ್ಗ ಕಟ್ಟಿಕೊಂಡು ತಲೆಕೆಳಗಾದರೆ ಊರವರು ಸುಮ್ಮನಿರುತ್ತಾರಾ ಎಂದೆ. "ದೇವಿ ಏನೂ ಅನ್ನಲ್ಲ, ನಿಮ್ಮಂಥೋರೇ ಅನ್ನೋದು" ಎಂದಳು. ಅದೂ ಬೇಡವಾದರೆ ಅಂಬ್ಲಿಗೊಳದ ಅಣೆಕಟ್ಟು.

"ಬೆಟ್ಟ ಅರಣ್ಯ ಇಲಾಖೇದು, ಅದ್ರ ಮೇಲಿನ ಕೋಟೆ ಪುರಾತತ್ವದೋರ್ದು, ಅಣೆಕಟ್ಟು ನೀರಾವರಿಯೋರ್ದು" ಎಂದೆ. "ಯಾರನ್ನ ಕೇಳೋದು?"

"ನಾನು ಬೆಟ್ಟ ಕೇಳ್ತಿಲ್ಲ, ಅಣೆಕಟ್ಟೂ ಕೇಳ್ತಿಲ್ಲ. ಅಲ್ಲಿಂದ ಕೆಳಗೆ ಬರೀ ಗಾಳಿ. ಗಾಳಿ ಯಾರ ಪಹಣೀಲಿ ಐತೆ ಹೇಳು, ಅವ್ರಿಗೇ ಬರಿ."

ಪಕ್ಕದಲ್ಲಿ ಕಾಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಗುರುವಾರ ಬಾ ಬರೆದಿಟ್ಟಿರುತ್ತೇನೆ ಎಂದು ಕಳಿಸಿದೆ.

ಆ ನಡುವೆ ನಾನು ಫೋನಿನಲ್ಲಿ ಹುಡುಕಿ ಓದಿದೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಹೆಸರುವಾಸಿ ಜಾಗಗಳಿಂದ, ಅಂದರೆ ಕೋಟೆ, ಅಣೆಕಟ್ಟು, ಜಲಪಾತಗಳಿಂದ, ಯಾರೆಂದರೆ ಅವರು ಹಾರುವಂತಿಲ್ಲ. ಆ ಜಾಗ ಯಾರ ಕೈಯಲ್ಲಿದೆಯೋ ಅವರು ಒಪ್ಪಬೇಕು, ಹಾರಿಸುವವರಿಗೆ ಪರವಾನಗಿ ಇರಬೇಕು, ಎಂಜಿನಿಯರು ನೋಡಿ ಸರಿ ಎನ್ನಬೇಕು. ಆದರೆ ಎಲ್ಲ ಪರವಾನಗಿ ಪಡೆದು ಹಾರಿಸುವ ಜಾಗಗಳು ಬೇರೆ ರಾಜ್ಯಗಳಲ್ಲಿ ಇವೆ. ಅಲ್ಲಿಗೆ ಹೋಗಿ, ವಯಸ್ಸಾದವರಾದರೆ ಡಾಕ್ಟರ ಪ್ರಮಾಣಪತ್ರ ತೋರಿಸಿ, ಚೀಟಿ ತೆಗೆದುಕೊಂಡು ಹಾರುವುದಷ್ಟೇ. ಹಾರುವವರು ಯಾವ ಸರ್ಕಾರಕ್ಕೂ ಅರ್ಜಿ ಹಾಕಬೇಕಾಗಿಲ್ಲ. ಅಕ್ಕನಿಗೆ ರೈಲು ಹತ್ತಿಸಿ ಕರೆದುಕೊಂಡು ಹೋಗುವ ಒಬ್ಬ ಮನುಷ್ಯ ಬೇಕಿತ್ತು, ಅಷ್ಟೇ. ಆ ಮನುಷ್ಯ ನಾನೇ ಆಗಬೇಕಿತ್ತು.

ನನಗೆ ಮನಸ್ಸಾಗಲಿಲ್ಲ. ಹೆದರಿಕೆ ಇತ್ತು, ನಿಜ. ಹೆಚ್ಚುಕಡಿಮೆಯಾದರೆ, ತಮ್ಮನಾದವನು ನಿಂತು ಅಕ್ಕನನ್ನು ಬೀಳಿಸಿದ ಎನ್ನುತ್ತಾರೆ. ಆದರೆ ಹೆದರಿಕೆಗಿಂತ ಹೆಚ್ಚಾಗಿ ಬೇಸರ. ಬೇಡ ಎಂದರೆ ಅವಳು ಜಗಳಕ್ಕೆ ನಿಲ್ಲುತ್ತಾಳೆ. ಅವಳ ಜಗಳ ಒಂದು ದಿನಕ್ಕೆ ಮುಗಿಯುವುದಲ್ಲ. ಹೂಂ ಎಂದರೆ ರೈಲು, ಡಾಕ್ಟರು, ಗೊತ್ತಿಲ್ಲದ ಊರು. ಎರಡಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ಬೇಡ ಎಂದು ಹೇಳಲು ಆಗದವರಿಗೆ ಅರ್ಜಿ ಬರೆದುಕೊಡುವುದು. ಹೇಗೆಂದರೆ, ಸಂಬಂಧವಿಲ್ಲದ ಕಚೇರಿಗೆ ಬರೆಯುವುದು. ಅಲ್ಲಿ ಟಪಾಲು ತೆಗೆದುಕೊಳ್ಳುತ್ತಾರೆ, ಮೊಹರು ಒತ್ತುತ್ತಾರೆ, ನಮ್ಮದಲ್ಲ ಎಂದು ಮುಂದಕ್ಕೆ ಕಳಿಸುತ್ತಾರೆ. ಅವರ ತಪ್ಪೇನೂ ಇಲ್ಲ, ಕಾಗದ ಬಂದರೆ ಅವರು ಮಾಡಬೇಕಾದ್ದೇ ಅದು. ಅಲ್ಲಿಂದ ಇನ್ನೊಂದು ಕಡೆ. ಅರ್ಜಿ ಸುತ್ತುವಷ್ಟರಲ್ಲಿ ಕೇಳಿದವರ ಆಸೆ ಆರಿರುತ್ತದೆ. ದಾಯಾದಿ ಜಗಳಗಳಲ್ಲಿ ಎಷ್ಟೋ ಮನೆಗಳನ್ನು ನಾನು ಹೀಗೆಯೇ ಉಳಿಸಿದ್ದೇನೆ. ಇದು ನನಗೆ ಹೆಮ್ಮೆಯ ಸಂಗತಿಯೂ ಆಗಿತ್ತು.

ಅಕ್ಕನ ಅರ್ಜಿಯನ್ನು ಭೂಮಾಪನದವರಿಗೆ ಬರೆದೆ. "ವಿಷಯ: ಕಾಲಿಗೆ ರಬ್ಬರ್ ಹಗ್ಗ ಕಟ್ಟಿಕೊಂಡು ಎತ್ತರದ ಸ್ಥಳದಿಂದ ಕೆಳಕ್ಕೆ ಹಾರಲು ಅನುಮತಿ ಕೋರಿ." ಅವಳಿಗೆ ಓದಿ ಹೇಳಿದೆ. ಬಹಳ ಚೆನ್ನಾಗಿದೆ ಎಂದಳು. ಭೂಮಾಪನದವರಿಗೆ ಯಾಕೆ ಎಂದು ಕೇಳಿದಾಗ, ಎತ್ತರ ಅಳೆಯುವವರು ಅವರೇ ತಾನೇ ಎಂದುಬಿಟ್ಟೆ. ಒಪ್ಪಿದಳು. ಸಹಿ ಹಾಕುವಾಗ ನಾಲಿಗೆ ಕಚ್ಚಿಕೊಂಡು, ಪ್ರತಿ ಅಕ್ಷರವನ್ನೂ ಬಿಡಿಸಿ ಬಿಡಿಸಿ ಬರೆದಳು. ಮೊಹರು ಬಿದ್ದ ನಕಲನ್ನು ಕೈಗೆ ಕೊಟ್ಟಾಗ ಕಣ್ಣಿಗೆ ಒತ್ತಿಕೊಂಡಳು. ನಮ್ಮ ಕಡೆಯ ಜನಕ್ಕೆ ಮೊಹರು ಬಿತ್ತು ಎಂದರೆ ಅರ್ಧ ಕೆಲಸ ಆದ ಹಾಗೆ. ಎಷ್ಟೋ ಮಂದಿ ಅದನ್ನೇ ಅನುಮತಿ ಎಂದು ತಿಳಿದು ಮನೆ ಕಟ್ಟಲು ಶುರು ಮಾಡಿದ್ದೂ ಉಂಟು.

ಆಮೇಲೆ ಅವಳು ತಿಂಗಳಿಗೊಮ್ಮೆ ಬರತೊಡಗಿದಳು. ಸೊರಬದ ಬಸ್ಸು ಇಳಿದು ನೇರ ನನ್ನ ಮೇಜಿಗೆ. ಬರುವಾಗ ಒಂದು ಡಬ್ಬಿಯಲ್ಲಿ ಗಿಣ್ಣವೋ ರೊಟ್ಟಿ ಚಟ್ನಿಯೋ ತರುತ್ತಿದ್ದಳು.

"ಎಲ್ಲಿಗೆ ಬಂತೋ?"

"ನಡೀತಾ ಐತಕ್ಕ. ಇನ್ನೊಂದು ಆಫೀಸಿಗೆ ಹೋಗೈತೆ."

"ಹೋಗ್ಲಿ ಬಿಡು, ಕುಂತಲ್ಲೇ ಕುಂತಿಲ್ವಲ್ಲ" ಎಂದು ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು. ಮನೆಯಲ್ಲಿ ಮಂಚದ ಮೇಲೆ ಮಲಗಿ ತಲೆಯನ್ನು ಕೆಳಕ್ಕೆ ಜೋಲು ಬಿಟ್ಟು ಅಭ್ಯಾಸ ಮಾಡುತ್ತಿದ್ದಾಳಂತೆ. ಅದನ್ನು ನೋಡಿ ಸೊಸೆ ಕಿರುಚಿಕೊಂಡಳಂತೆ. ಅದನ್ನು ಹೇಳಿ ಹೇಳಿ ನಕ್ಕಳು. ಅವಳ ಡಬ್ಬಿಯ ರೊಟ್ಟಿ ತಿನ್ನುತ್ತಾ ನಾನೂ ನಗುತ್ತಿದ್ದೆ. ಅಷ್ಟು ನಾಚಿಕೆಗೇಡಿಯಾಗಿದ್ದೆ.

ಒಂದು ಭಾನುವಾರ ಹಟ ಹಿಡಿದಳೆಂದು ಸ್ಕೂಟರಿನಲ್ಲಿ ಅಂಬ್ಲಿಗೊಳಕ್ಕೆ ಕರೆದುಕೊಂಡು ಹೋದೆ. ನೋಡಿದರೆ ಆಸೆ ಬಿಡುತ್ತಾಳೆ ಎಂದು ನನ್ನ ಲೆಕ್ಕ. ಏರಿಯ ಮೇಲೆ ನಿಂತು ಕೆಳಗೆ ಬಗ್ಗಿದಳು. ಮಣ್ಣಿನ ಏರಿ, ಇಳಿಜಾರಿಗೆ ಕಲ್ಲು ಹೊದಿಸಿದ್ದಾರೆ.

"ಇಲ್ಲಿಂದ ಹಾರಿದ್ರೆ ಬೀಳಲ್ಲ ಕಣೋ, ಉರುಳ್ತಾರೆ" ಎಂದಳು. "ಇದು ಆಗಲ್ಲ. ನೆಟ್ಟಗೆ ಇಳಿದಿರ್ಬೇಕು, ಬಂಡೆ ತರ."

"ಅದಕ್ಕೇ ಹೇಳ್ದೆ, ನಮ್ಮ ಕಡೆ ಜಾಗ ಇಲ್ಲ ಅಂತ."

"ಬೇರೆ ಎಲ್ಲಾದ್ರೂ ಇದ್ರೆ ಅವ್ರೇ ತಿಳಿಸ್ತಾರೆ, ಅರ್ಜಿಗೆ ಉತ್ತರ ಬಂದಾಗ."

ನಾನು ನೀರಿನ ಕಡೆ ನೋಡಿದೆ. ಆಚೆ ದಡದಲ್ಲಿ ಒಂದು ಹಿಂಡು ಮೇಯುತ್ತಿತ್ತು, ಇಪ್ಪತ್ತು ಮೂವತ್ತು ಇದ್ದಾವು. ಯಾರ ಕುರಿಯೋ, ಚೆನ್ನಾಗಿ ಮೇದಿವೆ ಎಂದೆ. "ಎಲ್ಲಿ?" ಎಂದಳು. ತೋರಿಸಿದೆ. ಕೈಯನ್ನು ಹಣೆಗೆ ಹಿಡಿದು, ಕತ್ತನ್ನು ಆ ಕಡೆ ಈ ಕಡೆ ಮಾಡಿ ಬಹಳ ಹೊತ್ತು ಹುಡುಕಿದಳು. "ಹಾಂ ಹಾಂ, ಅವಾ" ಎಂದಳು. ಅವಳಿಗೆ ಕಂಡಿರಲಿಲ್ಲ. ಒಂದು ಮೈಲಿ ದೂರದಿಂದ ಯಾವ ಕುರಿ ಕುಂಟುತ್ತಿದೆ ಎಂದು ಹೇಳುತ್ತಿದ್ದವಳು. ಬಿಸಿಲಿಗೆ ಇರಬೇಕು ಎಂದುಕೊಂಡು ಸ್ಕೂಟರು ತಿರುಗಿಸಿದೆ.

ಮತ್ತೊಂದು ಕೊಯ್ಲು ಹೋಯಿತು. ಈಚೆಗೆ ಅವಳು ನಡೆಯುವಾಗ ಬಾಗಿಲ ಚೌಕಟ್ಟಿಗೆ ತೋಳು ತಾಗಿಸಿಕೊಳ್ಳುತ್ತಿದ್ದಳು, ಪಕ್ಕದಲ್ಲಿ ನಿಂತವರು ಕಾಣದೆ ಬೆಚ್ಚಿ ಬೀಳುತ್ತಿದ್ದಳು. ಮಗ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆ ಎಂದರಂತೆ. ಅವಳ ಬಾಯಲ್ಲಿ ಅದು ಕಣ್ಣಿನ ಬಿಪಿ. ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ, ದಿನಕ್ಕೆರಡು ಹೊತ್ತು ಹನಿ ಹಾಕಿಕೊಳ್ಳಿ ಎಂದಿದ್ದರು. ತಲೆ ಕೆಳಗೆ ಮಾಡಿ ಏನೂ ಮಾಡಬಾರದು. ಅಕ್ಕ ಬಂಜಿಯ ಮಾತೆತ್ತಿದ್ದಕ್ಕೆ ಡಾಕ್ಟರು ಕನ್ನಡಕ ತೆಗೆದು ಅವಳನ್ನೇ ನೋಡಿದರಂತೆ. ಆಮೇಲೆ, "ಇನ್ನು ಅದರ ಯೋಚನೇನೇ ಬೇಡ ಅಮ್ಮ. ಒಂದು ವರ್ಷ ಮೊದಲು ಬಂದಿದ್ದರೆ ಕಣ್ಣನ್ನಾದರೂ ಇಷ್ಟು ಹೋಗೋಕೆ ಬಿಡ್ತಿರಲಿಲ್ಲ" ಎಂದರಂತೆ.

ಇದನ್ನು ಅವಳು ಫೋನಿನಲ್ಲಿ ಹೇಳಿದಳು. ಪಾಪ ಅಕ್ಕ ಎಂದುಕೊಂಡೆ. ಜೊತೆಗೇ, ಒಂದು ತಲೆನೋವು ಕಳೆಯಿತು ಎಂದೂ ಅನ್ನಿಸಿತು. ನನ್ನ ಮನಸ್ಸು ಹಾಗೆಯೇ ಅಂದಿತು, ಏನು ಮಾಡಲಿ.

ಅದಾಗಿ ತಿಂಗಳೊಪ್ಪತ್ತಿಗೆ ಒಂದು ಮಧ್ಯಾಹ್ನ ಅವಳು ಬಂದಳು. ಡಬ್ಬಿ ತಂದಿರಲಿಲ್ಲ. ಕುರ್ಚಿಯನ್ನು ಕೈಯಿಂದ ತಡವಿ ನೋಡಿ ಕೂತಳು. ಸೆರಗಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು.

"ಉತ್ತರ ಬಂತು ಕಣೋ. ಓದು."

ಸುತ್ತುವ ಅರ್ಜಿಗೆ ಉತ್ತರ ಬರುವುದು ನನ್ನ ಅನುಭವದಲ್ಲೇ ಇರಲಿಲ್ಲ. ಯಾವುದೋ ದೂರದ ಕಚೇರಿಯ ಪುಣ್ಯಾತ್ಮರೊಬ್ಬರು ಕೂತು, ಅರ್ಜಿಯನ್ನು ಪೂರ್ತಿ ಓದಿ, ಎರಡು ಪುಟ ಬರೆದಿದ್ದರು. ಒಳ್ಳೆಯ ಕನ್ನಡ. ಓದತೊಡಗಿದೆ. ಸಂರಕ್ಷಿತ ಸ್ಮಾರಕಗಳಿಂದ, ಅಣೆಕಟ್ಟುಗಳಿಂದ ಹಾರಲು ಅವಕಾಶವಿಲ್ಲ. ಅರಣ್ಯದ ಬೆಟ್ಟಗಳಲ್ಲೂ ಇಲ್ಲ. ತಮ್ಮ ಉತ್ಸಾಹ ಮೆಚ್ಚತಕ್ಕದ್ದು. ಹೊರರಾಜ್ಯಗಳಲ್ಲಿ ಪರವಾನಗಿ ಹೊಂದಿದ ಸ್ಥಳಗಳಿವೆ. ಅಲ್ಲಿಗೆ ಹೋಗಲು ಯಾವುದೇ ಸರ್ಕಾರಿ ಅನುಮತಿ ಬೇಕಿಲ್ಲ. ಮುಂಚಿತವಾಗಿ ವೈದ್ಯರಲ್ಲಿ ರಕ್ತದೊತ್ತಡ, ಹೃದಯ, ಬೆನ್ನು ಹಾಗೂ ಕಣ್ಣುಗಳ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯತಕ್ಕದ್ದು.

ಕಣ್ಣುಗಳ ಎನ್ನುವ ಪದವನ್ನು ಎರಡು ಸಲ ಓದಿದೆ. ಎರಡು ವರ್ಷದ ಹಿಂದೆ, ಆ ಗುರುವಾರ, ನಾನು ಓದಿದ್ದನ್ನು ಅವಳಿಗೆ ಹೇಳಿದ್ದರೆ ಅವಳು ಮಾರನೆಯ ದಿನವೇ ಡಾಕ್ಟರ ಮುಂದೆ ಕೂತಿರುತ್ತಿದ್ದಳು. ಹಾರುತ್ತಿದ್ದಳೋ ಇಲ್ಲವೋ, ಕಣ್ಣು ನೋಡಿಸಿಕೊಂಡಿರುತ್ತಿದ್ದಳು. ಅಯ್ಯೋ ದೇವರೇ ಎಂದುಕೊಂಡೆ. ಹೇಗೋ ಕೊನೆಯ ಸಾಲು ಮುಗಿಸಿ ಕಾಗದ ಮಡಚಿದೆ.

"ಅಷ್ಟೇನಾ?"

"ಅಷ್ಟೇ ಅಕ್ಕ."

"ಪೋಸ್ಟಿನೋರು ಬೆಳಿಗ್ಗೇನೇ ಓದಿ ಹೇಳಿದ್ರು ನಂಗೆ" ಎಂದಳು. ದನಿ ಏರಿಸಲಿಲ್ಲ. "ಮೊದ್ಲಲ್ಲಿ ಇನ್ನೊಂದು ಸಾಲು ಐತೆ. ಅದನ್ನ ನೀನು ಓದ್ಲಿಲ್ಲ."

ಹೌದು, ಓದಿರಲಿಲ್ಲ. ಕಾಗದ ಮತ್ತೆ ಬಿಡಿಸಿದೆ.

"ಓದು."

"'ತಮ್ಮ ಅರ್ಜಿಯು ಈ ವಿಷಯಕ್ಕೆ ಸಂಬಂಧಪಡದ ಕಚೇರಿಗೆ ಸಲ್ಲಿಕೆಯಾಗಿದ್ದರಿಂದ ಇಲ್ಲಿಗೆ ತಲುಪಲು ವಿಳಂಬವಾಗಿದೆ.'"

ಪಕ್ಕದಲ್ಲಿ ಕಾಯುತ್ತಿದ್ದವರು ತಲೆ ತಗ್ಗಿಸಿದರು. ಅಕ್ಕ ನನ್ನ ಮುಖದ ಕಡೆ ತಿರುಗಿದಳು. ನಾನು ಅವಳಿಗೆ ಎಷ್ಟು ಕಾಣುತ್ತಿದ್ದೆನೋ ಗೊತ್ತಿಲ್ಲ.

"ಮೂವತ್ತು ವರ್ಷ ಈ ಕೆಲಸ ಮಾಡ್ದೋನಿಗೆ ಯಾವ ಆಫೀಸು ಅಂತ ಗೊತ್ತಿರ್ಲಿಲ್ಲಾ?"

"ಗೊತ್ತಿತ್ತು ಅಕ್ಕ." ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. "ಅರ್ಜೀನೇ ಬೇಕಾಗಿರ್ಲಿಲ್ಲ ಅನ್ನೋದೂ ಗೊತ್ತಿತ್ತು. ನಿಂಗೇನಾದ್ರೂ ಆಗ್ತದೆ ಅಂತ ಹೆದ್ರಿಕೆ ಆಯ್ತು."

"ಬೇಡ ಅಂತ ಬಾಯಿಬಿಟ್ಟು ಹೇಳ್ಬೇಕಿತ್ತು ಕಣೋ. ಜಗಳ ಆಡ್ತಿದ್ದೆ. ಜಗಳ ಆಡಿ, ಒಬ್ಳೇ ಆದ್ರೂ ಹೋಗ್ತಿದ್ದೆ. ಇಲ್ಲಾಂದ್ರೆ ನಿನ್ನ ಮಾತು ಕೇಳಿ ಸುಮ್ನಾಗ್ತಿದ್ದೆ. ಎರಡ್ರಲ್ಲಿ ಒಂದು ಆಗ್ತಿತ್ತು. ಕಾಯ್ತಾ ಕೂತಿರ್ತಿರ್ಲಿಲ್ಲ."

"ಜಗಳ ಆಡೋಕೆ ನಂಗೆ ಆಗ್ತಿರ್ಲಿಲ್ಲ ಅಕ್ಕ. ಸಾಕಾಗಿ ಹೋಗಿತ್ತು."

"ನನ್ನ ಜೊತೇನೂ ಸಾಕಾಗಿತ್ತಾ?"

ಸಾಕಾಗಿತ್ತು, ಅದೇ ನಿಜ. ದಿನವಿಡೀ ಎದುರು ಕೂರುವವರ ಸಾಲಿನಲ್ಲಿ ಅವಳನ್ನೂ ಕೂರಿಸಿದ್ದೆ.

ಅವಳು ಲಕೋಟೆಯನ್ನು ತೆಗೆದುಕೊಳ್ಳಲಿಲ್ಲ. ಸೆರಗು ಸರಿ ಮಾಡಿಕೊಂಡು ಎದ್ದಳು. ನಾನು ಕೆಲಸ ಬಿಟ್ಟು ಹಿಂದೆಯೇ ಹೋದೆ. ರಸ್ತೆ ದಾಟುವಾಗ ತೋಳು ಹಿಡಿಯಲು ಹೋದರೆ ಬೇಡ ಎಂದಳು. ಕಾಲನ್ನು ಎಳೆದೆಳೆದು ಇಡುತ್ತಾ, ಬೈಕಿನವರಿಂದ ಬೈಸಿಕೊಳ್ಳುತ್ತಾ ತಾನೇ ದಾಟಿದಳು. ಬಸ್ ನಿಲ್ದಾಣದ ಕಂಬದ ಪಕ್ಕ ನಿಂತಳು. ನಾನು ಅವಳಿಗೆ ಒಂದು ಮೊಳ ದೂರದಲ್ಲಿ ನಿಂತೆ. ಬಸ್ಸಿಗೆ ಅರ್ಧ ಗಂಟೆ ಕಾದೆವು.

ಬಸ್ಸು ಬಂತು. ಮುಂದಿನ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಸೊರಬ ಎಂದಿತ್ತು. ಅವಳು ಕತ್ತನ್ನು ಆ ಕಡೆ ಈ ಕಡೆ ಮಾಡಿ ನೋಡಿದಳು. ಓದಲಾಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನಗೆ ಬೆನ್ನು ಹಾಕಿ, ಆಚೆ ಬದಿಯಲ್ಲಿ ಚೀಲ ಹಿಡಿದು ನಿಂತಿದ್ದ ಯಾರೋ ಅಪರಿಚಿತರ ಕಡೆ ತಿರುಗಿದಳು.

"ಏನ್ರೀ, ಇದ್ರ ಬೋರ್ಡು ಸ್ವಲ್ಪ ಓದಿ ಹೇಳ್ತೀರಾ?" ಎಂದು ಕೇಳಿದಳು. "ನಂಗೆ ಓದಿ ಹೇಳೋರು ಯಾರೂ ಇಲ್ಲ."